ಹಂದಿದಾರಿ

ಆ ಕಾಡಿನಲ್ಲಿ ಒಂದು ಮಾತಿಗೆ ಜೀವದಷ್ಟು ಬೆಲೆಯಿತ್ತು. "ಖಾಲಿ" ಅನ್ನುವ ಮಾತು. ಅದನ್ನು ಹೇಳುವ ಹಕ್ಕು ಅಕ್ಕನಿಗೆ ಮಾತ್ರ. ಅಕ್ಕ ಖಾಲಿ ಅಂದರೆ ಪೊದೆಯೊಳಗೆ ಹಂದಿ ಇಲ್ಲ, ತಂಗಿ ಹೊಟ್ಟೆಯ ಮೇಲೆ ತೆವಳಿಕೊಂಡು ಒಳಗೆ ಹೋಗಬಹುದು ಎಂದರ್ಥ. ಇರಬಹುದು, ಇಲ್ಲದೆಯೂ ಇರಬಹುದು ಎಂದು ಅಡ್ಡಗೋಡೆಯ ಮೇಲೆ ದೀಪ ಇಡುವ ಹಾಗಿಲ್ಲ.

ಅದು ಬೇಲಿ ಹಾಕಿ ಕಾಯ್ದಿಟ್ಟ ಕಾಡು. ಮರ ಕಡಿಯುವಂತಿಲ್ಲ, ಹಕ್ಕಿ ಹೊಡೆಯುವಂತಿಲ್ಲ, ಹೂವೊಂದನ್ನು ಕಿತ್ತರೂ ದಂಡ. ಮನುಷ್ಯರಿಗಾಗಿ ಇಷ್ಟೆಲ್ಲ ಬೋರ್ಡು ಬರೆಸಿ ಹಾಕಿದವರು ಹಂದಿಗೂ ಮುಳ್ಳುಕಳೆಗೂ ಓದುಬರಹ ಕಲಿಸಲಿಲ್ಲ, ಏನು ಮಾಡೋಣ. ಮುಳ್ಳುಕಳೆಯನ್ನು ಯಾವ ಕಾಲದಲ್ಲೋ ಯಾರೋ ದೊಡ್ಡ ಮನುಷ್ಯರು ಬಂಗಲೆಯ ಮುಂದೆ ಚಂದಕ್ಕೆಂದು ನೆಟ್ಟಿದ್ದರು. ಹಂದಿಗಳು ಯಾರದೋ ದೊಡ್ಡಿ ಮುರಿದು ಓಡಿಬಂದ ಸಾಕುಹಂದಿಗಳ ಸಂತಾನ. ಕೆಲವೇ ತಲೆಮಾರಿನಲ್ಲಿ ಮೈಮೇಲೆ ಬಿರುಗೂದಲು, ಬಾಯಲ್ಲಿ ಕೋರೆ ಎಲ್ಲ ಬಂದುಬಿಟ್ಟವು. ಹಂದಿ ನೆಲ ಅಗೆದಲ್ಲೆಲ್ಲ ಕಳೆ ಮೊಳೆಯಿತು, ಕಳೆ ಹಬ್ಬಿದಲ್ಲೆಲ್ಲ ಹಂದಿ ಮಲಗಿತು. ಇವೆರಡರ ಸ್ನೇಹದ ನಡುವೆ ನೆಲದ ಮೇಲೆ ಮೊಟ್ಟೆಯಿಡುವ ಹಕ್ಕಿಗಳು ನಿರ್ವಂಶವಾಗುತ್ತ ಬಂದಿದ್ದವು.

ಮುಳ್ಳುಕಳೆಯನ್ನು ಮೇಲಿಂದ ಕತ್ತರಿಸಿದರೆ ಅದಕ್ಕೆ ಹಬ್ಬ, ಇಮ್ಮಡಿ ಚಿಗುರುತ್ತದೆ. ಬುಡದಲ್ಲೇ ಕೊಯ್ಯಬೇಕು, ಕೊಯ್ದ ಬಾಯಿ ಒಣಗುವ ಮೊದಲೇ ಬ್ರಷ್ಷಿನಿಂದ ವಿಷ ಬಳಿಯಬೇಕು. ಬಳಿದದ್ದು ಯಾವುದು, ಬಿಟ್ಟದ್ದು ಯಾವುದು ಎಂದು ತಿಳಿಯಲಿ ಅಂತ ವಿಷಕ್ಕೆ ನೀಲಿ ಬಣ್ಣ ಬೆರೆಸಿರುತ್ತಾರೆ. ಆದರೆ ಬುಡ ಇರುವುದು ಪೊದೆಯ ನಡುಮಧ್ಯದಲ್ಲಿ, ಮನೆಯಷ್ಟು ಎತ್ತರದ ಮುಳ್ಳಿನ ಒಳಗೆ. ಅಲ್ಲಿಗೆ ಹೋಗುವ ದಾರಿಯನ್ನು ಮಾಡಿಟ್ಟವು ಹಂದಿಗಳೇ. ಓಡಾಡಿ ಓಡಾಡಿ ಮುಳ್ಳಿನ ಅಡಿಯಲ್ಲಿ ಕೊರೆದ ಆ ಕೊಳವೆಗೆ ಹಂದಿದಾರಿ ಎಂದು ಹೆಸರು. ಅದರಲ್ಲಿ ತೆವಳಿಕೊಂಡು ಒಳಗೆ ಹೋಗಬಹುದು, ತಿರುಗಿಕೊಳ್ಳಲು ಜಾಗವಿಲ್ಲ. ಬರುವಾಗ ಹಿಮ್ಮುಖವಾಗಿಯೇ ಬರಬೇಕು. ತಂಗಿಯ ಹಾಗೆ ಸಣಕಲು ಮೈಯವರಿಗೇ ಆ ಕೆಲಸ.

ತಂಗಿಯನ್ನು ಈ ಕೆಲಸಕ್ಕೆ ಕರೆತಂದವಳು ಅಕ್ಕನೇ. ಅಮ್ಮ ಬೇಡವೇ ಬೇಡ ಎಂದು ಹಟ ಹಿಡಿದಿದ್ದಳು. "ಅವಳು ಹೋಗೋದು ನಾನು ಹೋಗು ಅಂದ ಕಡೆಗೆ ಮಾತ್ರ. ನಾನಿಲ್ವೇನಮ್ಮಾ" ಎಂದು ಅಕ್ಕ ಮಾತು ಕೊಟ್ಟಿದ್ದಳು.

ಅಕ್ಕನ ಕೆಲಸ ಪೆಟ್ಟಿಗೆಯಂಥ ಒಂದು ರಿಸೀವರಿನದು. ಹಂದಿಗಳ ಗುಂಪು ಎಲ್ಲಿದೆ ಎಂದು ಹುಡುಕುವುದು ಮನುಷ್ಯರಿಂದ ಆಗುವ ಮಾತಲ್ಲ. ಅದಕ್ಕೇ ಒಂದು ಹೆಣ್ಣುಹಂದಿಯನ್ನು ಹಿಡಿದು, ಕುತ್ತಿಗೆಗೆ ರೇಡಿಯೋ ಪಟ್ಟಿ ಕಟ್ಟಿ ಬಿಟ್ಟಿದ್ದರು. ಒಂಟಿಯಾಗಿರಲಾರದ ಪ್ರಾಣಿ, ತಾನಾಗಿಯೇ ಹೋಗಿ ಯಾವುದಾದರೂ ಗುಂಪು ಸೇರುತ್ತದೆ. ಪಟ್ಟಿಯ ಸದ್ದು ಹಿಡಿದು ಬಂದೂಕಿನವರು ಹೋಗುತ್ತಾರೆ, ಅವಳೊಬ್ಬಳನ್ನು ಬಿಟ್ಟು ಉಳಿದವನ್ನೆಲ್ಲ ಹೊಡೆಯುತ್ತಾರೆ. ಅವಳು ಮತ್ತೊಂದು ಗುಂಪು ಹುಡುಕಿಕೊಂಡು ಹೋಗುತ್ತಾಳೆ. ಸೇರಿದ ಮನೆಯನ್ನೆಲ್ಲ ಮುಗಿಸುತ್ತಾಳೆಂದು ಬಂದೂಕಿನವರಲ್ಲೊಬ್ಬನಾದ ಬಂದೂಕಣ್ಣ ಅವಳಿಗೆ "ಸೊಸೆ" ಎಂದು ಹೆಸರಿಟ್ಟಿದ್ದ. ಹೆಸರಿಟ್ಟ ಮಹಾನುಭಾವನಿಗೆ ಇನ್ನೂ ಮದುವೆಯೇ ಆಗಿರಲಿಲ್ಲ.

ಸೊಸೆ ಎಲ್ಲಿದ್ದಾಳೋ ಹಂದಿಗಳೂ ಅಲ್ಲೇ. ಆ ಸೀಮೆಯಲ್ಲಿ ಉಳಿದಿದ್ದದ್ದು ಅದೊಂದೇ ಗುಂಪು. ಹಾಗಾಗಿ ಸೊಸೆ ದೂರವಿದ್ದರೆ ಪೊದೆ ಖಾಲಿ. ಲೆಕ್ಕ ಅಷ್ಟು ಸಲೀಸು.

ರಿಸೀವರಿಗೆ ಹೆಬ್ಬೆರಳ ಗಾತ್ರದ ಒಂದು ತಿರುಗಿಸುವ ಗುಂಡಿಯಿತ್ತು. ಪಟ್ಟಿ ದೂರವಿದ್ದಾಗ ಗುಂಡಿಯನ್ನು ಏರಿಸಬೇಕು, ಇಲ್ಲವಾದರೆ ಸದ್ದು ಕೇಳುವುದಿಲ್ಲ. ಪಟ್ಟಿ ಹತ್ತಿರವಿದ್ದಾಗ ಇಳಿಸಬೇಕು, ಇಲ್ಲವಾದರೆ ಆಂಟೆನಾ ಯಾವ ಕಡೆ ತಿರುಗಿಸಿದರೂ ಒಂದೇ ಸಮನೆ ಕಿರುಚುತ್ತದೆ, ದಿಕ್ಕು ತಿಳಿಯುವುದಿಲ್ಲ. ಸದ್ದು ಕ್ಷೀಣವಾಗಿ ಕೇಳಿದರೆ ಹಂದಿ ದೂರವಿದೆ ಎಂದರ್ಥ. ಅಥವಾ ಗುಂಡಿ ಇಳಿದಿದೆ ಎಂದರ್ಥ. ಕೆಲಸಕ್ಕೆ ಸೇರಿದವರಿಗೆ ಮೊದಲ ದಿನವೇ ಹೇಳಿಕೊಡುವ ಪಾಠ ಇದು. ಹೊಸಬರು ಮರೆಯುವುದಿಲ್ಲ, ಕೈ ಪಳಗಿದವರೇ ಮರೆಯುವುದು.

ಆ ಬೆಳಗ್ಗೆ ಕ್ವಾರ್ಟರ್ಸಿನ ಅಡುಗೆಮನೆಯಲ್ಲಿ ಅಕ್ಕ ಹೊಸದಾಗಿ ಬಂದಿದ್ದ ಇನ್ನೊಂದು ಪಟ್ಟಿಯ ಬ್ಯಾಟರಿ ನೋಡುತ್ತಿದ್ದಳು. ಪಟ್ಟಿ ಮೇಜಿನ ಮೇಲೆಯೇ ಇದ್ದುದರಿಂದ ರಿಸೀವರ್ ಕಿವಿ ಹರಿಯುವಂತೆ ಕೂಗಿತು. ಗುಂಡಿಯನ್ನು ಪೂರ್ತಿ ಇಳಿಸಿದಳು.

"ತಿಂಡಿ ತಟ್ಟೆ ಪಕ್ಕದಲ್ಲಿ ಹಂದಿ ಪಟ್ಟಿ ಇಟ್ಕೊಂಡಿದ್ದೀಯಲ್ಲ, ನಿನ್ನ ಕಟ್ಕೊಳ್ಳೋನ ಪಾಡು ಏನು" ಎಂದಳು ತಂಗಿ, ಬಾಗಿಲ ಬಳಿ ಕೂತು ಬೂಟಿಗೆ ದಾರ ಕಟ್ಟುತ್ತ.

"ಅವನಿಗೂ ಒಂದು ಪಟ್ಟಿ ಕಟ್ತೀನಿ ಬಿಡು. ಎಲ್ಲಿ ಹೋದ ಅಂತ ಹುಡುಕೋ ತಾಪತ್ರಯ ಇರಲ್ಲ."

ಇಬ್ಬರೂ ನಕ್ಕರು. ಹೊರಗೆ ಜೀಪು ಹಾರ್ನ್ ಹೊಡೆಯಿತು. ಅಕ್ಕ ರಿಸೀವರನ್ನು ಆರಿಸಿ ಚೀಲಕ್ಕೆ ತುರುಕಿದಳು. ಎಡವಟ್ಟಾದದ್ದು ಅಲ್ಲೇ. ಗುಂಡಿಯನ್ನು ಮತ್ತೆ ಏರಿಸಲಿಲ್ಲ.

ಅಂದಿನ ಪೊದೆ ಹಳ್ಳಕ್ಕಿಂತ ಈಚೆಗಿತ್ತು. ಮೇಸ್ತ್ರಿ ಉಳಿದ ಆಳುಗಳೊಂದಿಗೆ ಗುಡ್ಡದ ಮಗ್ಗುಲಿಗೆ ಹೋದ. ಇಲ್ಲಿ ಉಳಿದವರು ಅಕ್ಕ, ತಂಗಿ ಮತ್ತು ಕಾವಲಿಗೆ ಬಂದೂಕಣ್ಣ. ಬಂದೂಕಣ್ಣ ಒಳ್ಳೆಯವನೇ, ಗುರಿಯೂ ತಪ್ಪುವವನಲ್ಲ. ಆದರೆ ಬೆನ್ನಿಗೆ ಏನಾದರೂ ಸಿಕ್ಕರೆ ಸಾಕು, ನಿದ್ದೆ ಹೊಡೆಯುತ್ತಾನೆ. ಆಗಲೇ ಜೀಪಿನ ಚಕ್ರಕ್ಕೆ ಒರಗಿದ್ದ.

"ಅಣ್ಣ, ಹಂದಿ ಬಂದ್ರೆ ನಿನ್ನ ಎಬ್ಬಿಸ್ಬೇಕಾ, ಇಲ್ಲ ಅದೇ ಬಂದು ಎಬ್ಬಿಸುತ್ತಾ?" ಎಂದು ತಂಗಿ ಕೆಣಕಿದಳು.

"ಹೋಗಮ್ಮ ಸಾಕು. ನನ್ನ ಗೊರಕೆಗೇ ಅರ್ಧ ಹಂದಿಗಳು ಓಡಿಹೋಗಿವೆ" ಎಂದ ಬಂದೂಕಣ್ಣ ಕಣ್ಣು ತೆರೆಯದೆ.

ಅಕ್ಕ ಕಿವಿಗೆ ಹೆಡ್‌ಫೋನು ಸಿಕ್ಕಿಸಿ ಆಂಟೆನಾ ತಿರುಗಿಸಿದಳು. ಮೂರು ದಿಕ್ಕಿಗೆ ಏನೂ ಇಲ್ಲ. ಪೊದೆಯ ಕಡೆಗೆ ಹಿಡಿದಾಗ ಟಕ್, ಟಕ್ ಎಂದು ತೀರಾ ಸಣ್ಣಗೆ ಕೇಳಿತು. ಪೊದೆಯ ಹಿಂದೆ ಹಳ್ಳ, ಹಳ್ಳದಾಚೆ ದಿಬ್ಬ. ಇಷ್ಟು ಸಣ್ಣ ಸದ್ದೆಂದರೆ ದಿಬ್ಬದ ಆಚೆಗೇ ಇರಬೇಕು.

"ಏನಂತೆ?" ಎಂದಳು ತಂಗಿ, ಹಂದಿದಾರಿಯ ಬಾಯಲ್ಲಿ ಮಂಡಿಯೂರಿ.

"ಸೊಸೆ ಹಳ್ಳ ದಾಟಿದ್ದಾಳೆ. ಖಾಲಿ."

ತಂಗಿ ಕೈಗತ್ತರಿಯನ್ನೂ ವಿಷದ ಡಬ್ಬಿಯನ್ನೂ ಮುಂದಕ್ಕೆ ತಳ್ಳಿ, ತಲೆ ತಗ್ಗಿಸಿ ಒಳಗೆ ತೆವಳಿದಳು. ಮೊದಲು ಬೆನ್ನು ಮರೆಯಾಯಿತು, ಆಮೇಲೆ ಬೂಟುಗಳು.

ಒಳಗಿನಿಂದ ಕತ್ತರಿಯ ಸದ್ದು ಬರುತ್ತಿತ್ತು. ಕಚ್, ಆಮೇಲೆ ಬಳಿಯುವ ಹೊತ್ತಿನ ಮೌನ, ಮತ್ತೆ ಕಚ್. ಅಕ್ಕ ಅದನ್ನು ಕಿವಿಯ ಒಂದು ಮೂಲೆಯಲ್ಲಿ ಕೇಳಿಸಿಕೊಳ್ಳುತ್ತಲೇ ಇರುತ್ತಿದ್ದಳು. ಸದ್ದು ಪೊದೆಯ ನಡುವಿಗೆ ಹೋಯಿತು. ಕಚ್. ಮೌನ. ಮೌನ ಸ್ವಲ್ಪ ಉದ್ದವಾಯಿತು. ಜಾಗ ಬದಲಿಸುತ್ತಿದ್ದಾಳೆ ಅಂದುಕೊಂಡಳು. ಅಷ್ಟರಲ್ಲಿ ಕತ್ತರಿ ಮಾತಾಡಬೇಕಿತ್ತು, ಮಾತಾಡಲಿಲ್ಲ. ದೊಡ್ಡ ಬುಡ ಸಿಕ್ಕಿರಬೇಕು ಎಂದು ಇನ್ನೊಂದು ಸಮಾಧಾನ ಹೇಳಿಕೊಂಡಳು. ಮನಸ್ಸಿಗೇನು, ಕೇಳಿದಷ್ಟು ಸಮಾಧಾನ ಕೊಡುತ್ತದೆ.

ಬೆವರಿದ ಕೈಯನ್ನು ಒರೆಸಿಕೊಂಡು ರಿಸೀವರನ್ನು ಸರಿಯಾಗಿ ಹಿಡಿದಾಗ ಹೆಬ್ಬೆರಳು ಗುಂಡಿಗೆ ತಾಗಿತು. ಗುಂಡಿ ಪೂರ್ತಿ ಕೆಳಗಿತ್ತು.

ಒಂದು ಕ್ಷಣ ಅವಳಿಗೆ ಅದರ ಅರ್ಥವೇ ಹೊಳೆಯಲಿಲ್ಲ. ಆಮೇಲೆ ಹೊಳೆಯಿತು. ಗುಂಡಿಯನ್ನು ಅರ್ಧಕ್ಕೆ ತಿರುಗಿಸಿದಳು. ಹೆಡ್‌ಫೋನು ಕಿರುಚಿತು. ಆಂಟೆನಾವನ್ನು ಹಿಂದಕ್ಕೆ ತಿರುಗಿಸಿದರೂ ಕಿರುಚಿತು, ಜೀಪಿನ ಕಡೆ ತಿರುಗಿಸಿದರೂ ಕಿರುಚಿತು. ಅಷ್ಟು ಹತ್ತಿರ. ಹಳ್ಳವಲ್ಲ, ದಿಬ್ಬವಲ್ಲ, ಇದೇ ಪೊದೆ.

ಬಂದೂಕಣ್ಣ ಕಣ್ಣು ಬಿಟ್ಟಿದ್ದ. "ಏನಮ್ಮ?"

"ಒಳಗಿದ್ದಾಳೆ."

"ಗೊತ್ತಲ್ಲ, ನಿನ್ನ ತಂಗಿ..."

"ಸೊಸೆ. ಸೊಸೆ ಒಳಗಿದ್ದಾಳೆ."

ಅವನು ಎದ್ದ ರಭಸಕ್ಕೆ ಟೋಪಿ ಕೆಳಗೆ ಬಿತ್ತು. ಬಂದೂಕು ಆಕಾಶದ ಕಡೆ ಏರಿತು. "ಒಂದು ಗುಂಡು ಗಾಳಿಗೆ ಹಾರಿಸ್ತೀನಿ, ಓಡಿಹೋಗ್ತವೆ."

"ಎಲ್ಲಿಂದ ಓಡ್ತವೆ?" ಅಕ್ಕ ಅವನ ಕೈ ಹಿಡಿದಳು. ಪಿಸುಮಾತಿನಲ್ಲೇ ಹಲ್ಲು ಕಚ್ಚಿ ಹೇಳಿದಳು. "ಅವು ಓಡೋ ದಾರೀಲೇ ಅವಳು ಮಲಗಿದ್ದಾಳೆ ಕಣೋ."

ಬಂದೂಕು ಕೆಳಗಿಳಿಯಿತು. ಅತ್ತ ದರಿ, ಇತ್ತ ಹುಲಿ. ಕೂಗಿದರೆ ಹಂದಿ ಬೆದರುತ್ತದೆ, ಬೆದರಿದ ಹಂದಿ ತನ್ನ ದಾರಿಯಲ್ಲೇ ನುಗ್ಗುತ್ತದೆ, ಎದುರಿಗೆ ತಿರುಗಿಕೊಳ್ಳಲೂ ಜಾಗವಿಲ್ಲದೆ ತಂಗಿಯ ಮುಖ ಇದೆ. ಕೂಗದಿದ್ದರೆ ಒಳಗೆ ಏನಾಗುತ್ತಿದೆ ಎಂದು ತಿಳಿಯುವುದಿಲ್ಲ. ಆಗಲೇ ಏನಾದರೂ ಆಗಿಹೋಗಿದ್ದರೆ ಎಂಬ ಯೋಚನೆ ಬಂತು. ಅದನ್ನು ಅರ್ಧಕ್ಕೇ ಕತ್ತರಿಸಿ, ಹೆಡ್‌ಫೋನು ಕಿತ್ತು ನೆಲಕ್ಕೆ ಹಾಕಿ, ಅಕ್ಕ ಹಂದಿದಾರಿಯ ಬಾಯಿಗೆ ಮುಖ ಕೊಟ್ಟಳು.

ಅವಳ ಮೈ ತಂಗಿಯ ಮೈಯಲ್ಲ. ಭುಜ ಎರಡೂ ಕಡೆ ಮುಳ್ಳಿಗೆ ಉಜ್ಜುತ್ತಿತ್ತು. ಮುಳ್ಳು ಗೀರಿದ್ದು ತಿಳಿಯುತ್ತಿತ್ತೇ ಹೊರತು ನೋವು ತಿಳಿಯುತ್ತಿರಲಿಲ್ಲ. ಒಳಗೆ ಹಗಲು ಇರಲಿಲ್ಲ. ಎಲೆಗಳ ಸಂದಿಯಿಂದ ಬಿದ್ದ ಬೆಳಕಿನ ಚೂರುಗಳು ಮಾತ್ರ. ಕೊಳೆತ ಎಲೆ, ವಿಷದ ಘಾಟು, ಅದರ ಕೆಳಗೆ ಇನ್ನೊಂದು ನಾತ, ಬೆಚ್ಚಗಿನದು, ಹಾಲು ಒಡೆದಂಥದು. ಆ ನಾತ ಮೂಗಿಗೆ ಬಡಿದಾಗ ಅಕ್ಕನಿಗೆ ಎಲ್ಲ ತಿಳಿಯಿತು. ಹೆಣ್ಣುಹಂದಿ ತನ್ನ ಗುಂಪು ಬಿಟ್ಟು ಒಂಟಿಯಾಗಿ ಪೊದೆ ಸೇರುವುದು ಒಂದೇ ಕಾರಣಕ್ಕೆ. ಸೊಸೆ ಮರಿ ಹಾಕಿದ್ದಳು. ಮರಿ ಹಾಕಿದ ಹಂದಿಯೆದುರು ಬಂದೂಕು ಇದ್ದವರೂ ಹಿಂದೆ ಸರಿಯುತ್ತಾರೆ.

ಬುಡಗಳ ಮೇಲೆ ನೀಲಿ ಬಣ್ಣ ಹಸಿಯಾಗಿತ್ತು. ತಂಗಿ ಇಲ್ಲಿ ಕೊಯ್ದಿದ್ದಾಳೆ, ಇಲ್ಲಿ ಕೊಯ್ದಿದ್ದಾಳೆ, ಇಲ್ಲೂ ಎಂದು ನೀಲಿ ಹಿಡಿದು ಅಕ್ಕ ತೆವಳಿದಳು. ಮುಂದೆ ಒಂದು ಬುಡ ಅರ್ಧ ಕೊಯ್ದದ್ದು, ನೀಲಿ ಇಲ್ಲದ್ದು. ಅದರಾಚೆ ಎರಡು ಬೂಟುಗಳ ಅಡಿ.

ಬೂಟುಗಳು ಅಲುಗಾಡುತ್ತಿರಲಿಲ್ಲ.

ಅಕ್ಕ ಅಲ್ಲೇ ಸತ್ತಂತೆ ಬಿದ್ದುಕೊಂಡಳು. ಅಮ್ಮನಿಗೆ ಏನು ಹೇಳಲಿ ಎಂಬುದೇ ತಲೆಗೆ ಬಂದ ಮೊದಲ ಮಾತು. ಥೂ, ಎಂಥ ಸ್ವಾರ್ಥದ ಮಾತು ಎಂದು ತನ್ನನ್ನೇ ಉಗಿದುಕೊಂಡಳು. ಮುಟ್ಟಲು ಕೈ ಬರಲಿಲ್ಲ. ಮುಟ್ಟಿದರೆ, ಬದುಕಿದ್ದರೂ, ಬೆಚ್ಚಿ ಕೂಗಿಬಿಟ್ಟರೆ? ಕೊನೆಗೆ ಬಲಗಾಲಿನ ಬೂಟಿನ ಹೆಬ್ಬೆರಳಿನ ಜಾಗವನ್ನು ಎರಡು ಬೆರಳಲ್ಲಿ ಮೆಲ್ಲಗೆ ಅದುಮಿದಳು. ಚಿಕ್ಕಂದಿನಲ್ಲಿ ಇಬ್ಬರೂ ಒಂದೇ ಹಾಸಿಗೆಯಲ್ಲಿ ತಲೆಕೆಳಗಾಗಿ ಮಲಗುವಾಗ ನಿದ್ದೆ ಬಂತಾ ಎಂದು ಕೇಳುತ್ತಿದ್ದದ್ದು ಹೀಗೇ.

ಬೂಟಿನೊಳಗಿನ ಬೆರಳು ಮೆಲ್ಲಗೆ ತಿರುಗಿ ಅದುಮಿತು.

ಅಕ್ಕ ಮಣ್ಣಿಗೆ ಮುಖ ಒತ್ತಿ ಶಬ್ದವಿಲ್ಲದೆ ಅತ್ತಳು. ಅಳಲು ಹೊತ್ತಿರಲಿಲ್ಲ. ತಂಗಿಯ ಸೊಂಟದ ಮೇಲಿಂದ ಇಣುಕಿದಾಗ ಕಂಡಿತು. ಮುರಿದ ರೆಂಬೆಗಳ ಗೂಡು, ಅದರಲ್ಲಿ ಮಿಸುಕಾಡುವ ಮರಿಗಳು, ಅವುಗಳ ಮೇಲೆ ಒರಗಿದ ದೊಡ್ಡ ಕಪ್ಪು ಮೈ, ಕುತ್ತಿಗೆಯಲ್ಲಿ ಸವೆದ ಪಟ್ಟಿ. ತಂಗಿ ಕೈ ಚಾಚಿದರೆ ಮೂತಿ ಮುಟ್ಟುವಷ್ಟು ಹತ್ತಿರ. ಹಂದಿ ನೋಡುತ್ತಿತ್ತು. ತಂಗಿ ಎಷ್ಟು ಹೊತ್ತಿನಿಂದ ಆ ನೋಟದ ಎದುರು ಉಸಿರು ಬಿಗಿಹಿಡಿದು ಬಿದ್ದಿದ್ದಳೋ.

ಅಕ್ಕ ಎರಡೂ ಕಣಕಾಲು ಹಿಡಿದು ಹಿಂದಕ್ಕೆ ಜಗ್ಗಿದಳು. ಒಂದು ಗೇಣು. ಹಂದಿ ಸುಮ್ಮನಿತ್ತು. ಇನ್ನೊಂದು ಗೇಣು. ಮತ್ತೆ ಜಗ್ಗಿದಾಗ ತಂಗಿಯ ಜಡೆ ಮುಳ್ಳಿಗೆ ಸಿಕ್ಕಿಕೊಂಡು ಇಡೀ ಪೊದೆ ಗರಗರ ಅಲುಗಾಡಿತು.

ಹಂದಿ ಎದ್ದಿತು. ಹಲ್ಲು ಕಟಕಟ ಕಡಿಯಿತು. ತಂಗಿ ಮುಖ ಮುಚ್ಚಿಕೊಳ್ಳಲು ಬಲಗೈ ಎತ್ತಿದ್ದಷ್ಟೇ, ಅದು ನುಗ್ಗಿ ಆ ಕೈಯನ್ನೇ ಹಿಡಿಯಿತು. ಮೂಳೆಗೆ ಹಲ್ಲು ತಾಗಿದ ಸದ್ದು ಅಕ್ಕನಿಗೆ ಕೇಳಿಸಿತು. ತಂಗಿ ಕೂಗಲಿಲ್ಲ. ಗಂಟಲೊಳಗೇ ಏನೋ ನುಂಗಿಕೊಂಡಳು. ಹಿಂದೆ ಮರಿಯೊಂದು ಕೀಚೆಂದಿತು, ಹಂದಿ ಕೈ ಬಿಟ್ಟು ಗೂಡಿನ ಕಡೆ ತಿರುಗಿತು. ಅಕ್ಕ ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಎಳೆದಳು. ಜಡೆಯ ಅರ್ಧ ಕೂದಲು ಮುಳ್ಳಿನಲ್ಲೇ ಉಳಿಯಿತು.

ಹೊರಗೆ ಬಿದ್ದಾಗ ಬಂದೂಕಣ್ಣ ಹಂದಿದಾರಿಯ ಬಾಯಿಗೆ ಗುರಿಯಿಟ್ಟು ನಿಂತಿದ್ದ, ಕಣ್ಣೀರು ಗಡ್ಡಕ್ಕೆ ಇಳಿದಿತ್ತು. ಯಾವುದೂ ಹಿಂದೆ ಬರಲಿಲ್ಲ. ಅವನು ಟವೆಲ್ಲು ಹರಿದು ತಂಗಿಯ ಕೈಗೆ ಬಿಗಿದ, ಅವಳನ್ನು ಎತ್ತಿ ಜೀಪಿಗೆ ಹಾಕಿದ. ದಾರಿಯುದ್ದಕ್ಕೂ ಅಕ್ಕ ಟವೆಲ್ಲಿನ ಗಂಟು ಅದುಮಿ ಹಿಡಿದಿದ್ದಳು. ಮಾತಾಡಿದವಳು ತಂಗಿಯೇ. "ಹೆದರ್ಬೇಡ ಕಣೇ ಅಕ್ಕ. ಏನೂ ಆಗಿಲ್ಲ ನೋಡು, ಬೆರಳೆಲ್ಲ ಆಡ್ತಿದೆ."

ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿದರು, ಸೂಜಿ ಚುಚ್ಚಿದರು, ಮೂಳೆ ಉಳಿದದ್ದು ಪುಣ್ಯ ಎಂದರು. ಗುಡ್ಡದಿಂದ ಓಡಿಬಂದ ಮೇಸ್ತ್ರಿಗೆ ತಂಗಿ ಹಾಸಿಗೆಯಲ್ಲೇ ಕೂತು ಕಥೆ ಹೇಳಿದಳು. "ಮೆಷಿನ್ ಕೈಕೊಡ್ತು. ಅಕ್ಕ ಒಳಗೆ ಬರದೆ ಇದ್ದಿದ್ರೆ ನಾನು ಇವತ್ತು ಫೋಟೋ ಆಗಿರ್ತಿದ್ದೆ. ಅವಳ ಮೈ ನೋಡಿ, ಆ ಗಾತ್ರ ಇಟ್ಕೊಂಡು ಅಲ್ಲಿ ತೂರಿ ಬಂದಿದ್ದಾಳೆ." ಎಲ್ಲರೂ ಅಕ್ಕನ ಕಡೆ ನೋಡಿದರು. ಮೇಸ್ತ್ರಿ ಅವಳ ಭುಜ ತಟ್ಟಿ, ಹಾಳು ಮೆಷಿನನ್ನು ನಾಳೆಯೇ ರಿಪೇರಿಗೆ ಕಳಿಸುತ್ತೇನೆ ಎಂದ. ಅಕ್ಕ ಹೌದು ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ. ಪೊದೆಯೊಳಗೆ ಆದ ಭಯ ಹೋಗಿ, ನಿಜ ಹೇಳಬೇಕಲ್ಲ ಎಂಬ ಇನ್ನೊಂದು ಭಯ ಬಂದು ಕೂತಿತ್ತು. ಅದು ಮೊದಲಿನದಕ್ಕಿಂತಲೂ ತಣ್ಣಗಿತ್ತು.

ಸಂಜೆ ಕ್ವಾರ್ಟರ್ಸಿಗೆ ಬಂದ ಮೇಲೆ ಅಕ್ಕ ತಂಗಿಯ ತಲೆ ಬಾಚಲು ಕೂತಳು. ಬಲಗೈಗೆ ಬ್ಯಾಂಡೇಜು, ತಾನೇ ಬಾಚಿಕೊಳ್ಳುವಂತಿರಲಿಲ್ಲ. ಅಳಿದುಳಿದ ಕೂದಲಲ್ಲಿ ಮುಳ್ಳಿನ ಚೂರುಗಳಿದ್ದವು. ಮುಖ ಕಾಣದಿದ್ದದ್ದೇ ಒಳ್ಳೆಯದಾಯಿತು ಎಂದುಕೊಂಡು ಅಕ್ಕ ಬಾಯಿ ಬಿಟ್ಟಳು.

"ಮೆಷಿನ್ ಸರಿಯಾಗೇ ಇತ್ತು ಕಣೇ. ಬೆಳಗ್ಗೆ ಆ ಪಟ್ಟಿ ನೋಡುವಾಗ ಗುಂಡಿ ಇಳಿಸಿದ್ದೆ. ಏರಿಸೋದು ಮರೆತೆ. ಅದಕ್ಕೇ ದೂರ ಅನ್ನಿಸ್ತು. ನಾನೇ ಮರೆತದ್ದು."

ಬಾಚಣಿಗೆ ಗಾಳಿಯಲ್ಲೇ ನಿಂತಿತು. ಬೈಯಲಿ, ಅಳಲಿ, ಎದ್ದು ಹೋಗಲಿ, ಏನಾದರೂ ಮಾಡಲಿ ಎಂದು ಅಕ್ಕ ಕಾದಳು.

"ಹ್ಞೂಂ" ಎಂದಳು ತಂಗಿ. "ಕಿವಿ ಹಿಂದೆ ಒಂದು ಮುಳ್ಳಿದೆ ಅನ್ಸುತ್ತೆ. ತೆಗಿ."

ಮರುದಿನ ಅಕ್ಕ ಮೇಸ್ತ್ರಿಗೂ ಹೇಳಿದಳು. ಮೇಸ್ತ್ರಿ ಬಾಯಿಗೆ ಬಂದಂತೆ ಬೈದ. ಆಮೇಲೆ ಬೇರೆ ಯಾರಿಗೂ ಈ ಕೆಲಸ ಬರುವುದಿಲ್ಲವೆಂದು ನೆನಪಾಗಿ ಸುಮ್ಮನಾದ. ಬಂದೂಕಿನವರು ಪೊದೆಗೆ ಹೋಗುವಷ್ಟರಲ್ಲಿ ಸೊಸೆ ಮರಿಗಳನ್ನು ಕರೆದುಕೊಂಡು ಜಾಗ ಬದಲಿಸಿದ್ದಳು. ಇನ್ನು ಅವಳು ಯಾವ ಗುಂಪಿನ ಹಂಗಿನಲ್ಲೂ ಇರಲಿಲ್ಲ. ಇಂದು ಹಳ್ಳದಾಚೆ, ನಾಳೆ ಈಚೆ.

ಕೈ ವಾಸಿಯಾದಾಗ ತಂಗಿ ಮತ್ತೆ ಬೂಟು ಹಾಕಿಕೊಂಡಳು. ಕಳೆ ಹೂಬಿಡುವ ಕಾಲ ಹತ್ತಿರವಾಗಿತ್ತು. ಈಗ ಕೊಯ್ಯದಿದ್ದರೆ ಬೀಜ ಬಿದ್ದು ಅಷ್ಟು ದಿನದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

"ಬೇಡ ಕಣೇ, ನಿನ್ನ ಕಾಲಿಗೆ ಬೀಳ್ತೀನಿ, ಬೇರೆ ಕೆಲಸ ನೋಡೋಣ" ಎಂದು ಅಕ್ಕ ಬೇಡಿಕೊಂಡಳು.

"ಬಾ ಅಂದಾಗ ಬಂದೆ. ಈಗ ಹೋಗು ಅಂದ್ರೆ ಹೋಗೋಕೆ ನಾನೇನು ನೀನು ಸಾಕಿದ ನಾಯಿಮರಿನಾ? ಈ ಕೆಲಸ ನಂಗೆ ಬರುತ್ತೆ, ನಾನೇ ಮಾಡೋದು."

ಅಷ್ಟರಲ್ಲಿ ಮೇಸ್ತ್ರಿ ಹೊಸ ಕಟ್ಟಳೆ ಮಾಡಿದ್ದ. ಒಳಗೆ ಹೋಗುವವರ ಕಣಕಾಲಿಗೆ ಹಗ್ಗ ಕಟ್ಟಬೇಕು, ಹೊರಗೊಬ್ಬರು ತುದಿ ಹಿಡಿದಿರಬೇಕು. ಒಳಗಿನವರು ಎರಡು ಸಲ ಜಗ್ಗಿದರೆ ಹೊರಗಿನವರು ಎಳೆದುಕೊಳ್ಳಬೇಕು.

ಹೊಸ ಪೊದೆಯ ಮುಂದೆ ಅಕ್ಕ ಗುಂಡಿಯನ್ನು ಪೂರ್ತಿ ಏರಿಸಿ ನಾಲ್ಕು ದಿಕ್ಕಿಗೂ ಆಂಟೆನಾ ಹಿಡಿದಳು. ಮತ್ತೊಮ್ಮೆ ಹಿಡಿದಳು. ಎಲ್ಲೂ ಸದ್ದಿರಲಿಲ್ಲ. ತಂಗಿ ನೆಲದ ಮೇಲೆ ಕೂತು ಎಡಗಾಲಿಗೆ ಹಗ್ಗ ಬಿಗಿದು, ಉಳಿದ ಸುರುಳಿಯನ್ನು ಕೈಯಲ್ಲಿ ಎತ್ತಿಕೊಂಡು ಎದ್ದಳು. ಅಕ್ಕ ರಿಸೀವರನ್ನು ಎಡಗೈಗೆ ಬದಲಿಸಿ ಬಲಗೈ ಚಾಚಿದಳು.

ತಂಗಿ ಅವಳ ಪಕ್ಕದಿಂದ ದಾಟಿ ಮುಂದೆ ಹೋದಳು. ಜೀಪಿನ ಚಕ್ರಕ್ಕೆ ಒರಗಿದ್ದ ಬಂದೂಕಣ್ಣನ ಮಡಿಲಿಗೆ ಸುರುಳಿ ಹಾಕಿದಳು.

"ಇದನ್ನ ನೀನು ಹಿಡ್ಕೋ ಅಣ್ಣ."

ಬಂದೂಕಣ್ಣ ಅವಳ ಮುಖ ನೋಡಿದ, ಅಕ್ಕನ ಮುಖ ನೋಡಿದ. ಎದ್ದು ನಿಂತ. ತಂಗಿ ವಾಪಸು ಬಂದು ಹಂದಿದಾರಿಯ ಬಾಯಲ್ಲಿ ಮಂಡಿಯೂರಿದಳು. ಅವಳ ಮುಖದಲ್ಲಿ ಕೋಪವೇನೂ ಇರಲಿಲ್ಲ. ಕೋಪವಿದ್ದಿದ್ದರೆ ಅಕ್ಕನಿಗೆ ಎಷ್ಟೋ ಹಗುರವಾಗುತ್ತಿತ್ತು.

"ಹೇಳು ಅಕ್ಕ."

"ಖಾಲಿ" ಎಂದಳು ಅಕ್ಕ. ಅವಳ ಧ್ವನಿ ಅವಳಿಗೇ ಕೇಳಿಸಲಿಲ್ಲ, ಇನ್ನೊಮ್ಮೆ ಹೇಳಬೇಕಾಯಿತು.

ತಂಗಿ ಒಳಗೆ ಹೋದಳು. ಹಗ್ಗ ನೆಲದ ಮೇಲೆ ಹಾವಿನಂತೆ ಹರಿದು ಅವಳ ಹಿಂದೆ ಹೋಯಿತು. ಸ್ವಲ್ಪ ಹೊತ್ತಿಗೆ ಕತ್ತರಿಯ ಸದ್ದು ಶುರುವಾಯಿತು. ಬಂದೂಕಣ್ಣ ಮೆಲ್ಲಗೆ ಪಕ್ಕಕ್ಕೆ ಬಂದು, ಒಳಗೆ ಕೇಳಿಸದ ಹಾಗೆ, "ನೀನೇ ಹಿಡ್ಕೊಳಮ್ಮ, ಅವಳಿಗೇನು ಗೊತ್ತಾಗುತ್ತೆ" ಎಂದು ಹಗ್ಗ ಮುಂದೆ ಮಾಡಿದ.

ಅಕ್ಕ ಕೈ ಹಿಂದಕ್ಕೆ ತೆಗೆದುಕೊಂಡಳು. "ಬೇಡ ಅಣ್ಣ. ನಿನ್ನ ಕೈಗೆ ಕೊಟ್ಟಿದ್ದಾಳೆ, ನೀನೇ ಹಿಡಿ" ಎಂದಳು. "ನಿದ್ದೆ ಮಾತ್ರ ಮಾಡ್ಬೇಡ."